ಅಗ್ಗದ ಗೇಮ್ ಕೀ: ನಷ್ಟ ಯಾರ ತಲೆಗೆ?

2019ರ ಜುಲೈನಲ್ಲಿ ವಿಡಿಯೊ ಗೇಮ್ ಸುದ್ದಿ ಬರೆಯುವ ಕೆಲವು ತಾಣಗಳಿಗೆ ಒಂದು ಇಮೇಲ್ ಬಂತು. ಜೊತೆಗೆ ಸಿದ್ಧ ಲೇಖನವೂ ಇತ್ತು. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಕದ್ದ ಗೇಮ್ ಕೀ ಮಾರುವುದು ಹೆಚ್ಚುಕಡಿಮೆ ಅಸಾಧ್ಯ ಎಂಬುದು ಲೇಖನದ ವಾದ. ಇದನ್ನು ಪ್ರಕಟಿಸಿ, ಹಣ ಕೊಡುತ್ತೇವೆ, ಆದರೆ ಹಣ ಪಡೆದ ವಿಷಯ ಓದುಗರಿಗೆ ಹೇಳಬೇಡಿ ಎಂಬುದು ಕೋರಿಕೆ. ಕಳಿಸಿದ್ದು ಜಿಟುಎ, ಅಂದರೆ ಪೋಲೆಂಡಿನಲ್ಲಿ 2010ರಲ್ಲಿ ಶುರುವಾಗಿ ಕೀ ವ್ಯಾಪಾರದಲ್ಲಿ ದೊಡ್ಡ ಹೆಸರಾದ ಕಂಪನಿ. ಸಂಪಾದಕರೊಬ್ಬರು ಆ ಪತ್ರವನ್ನೇ ಟ್ವಿಟರ್‌ಗೆ ಹಾಕಿದರು. ನೌಕರನೊಬ್ಬ ಅನುಮತಿಯಿಲ್ಲದೆ ಹೀಗೆ ಮಾಡಿದ್ದಾನೆ ಎಂದು ಕಂಪನಿ ಕೈತೊಳೆದುಕೊಂಡಿತು.

ವರ್ಷ ತುಂಬುವ ಮೊದಲೇ, 2020ರ ಮೇ ತಿಂಗಳಲ್ಲಿ, ಅದೇ ಕಂಪನಿ ತನ್ನ ಮಾರುಕಟ್ಟೆಯಲ್ಲಿ ಒಂದೇ ಆಟದ 198 ಕದ್ದ ಕೀಗಳು ಮಾರಾಟವಾಗಿದ್ದವು ಎಂದು ಒಪ್ಪಿಕೊಂಡಿತು.

ಕೀ ಎಂದರೆ ಹದಿನೈದು ಅಕ್ಷರ, ಅಂಕಿಗಳ ಒಂದು ಸಾಲು. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನ ಖಾತೆಯಲ್ಲಿ ಅದನ್ನು ಟೈಪ್ ಮಾಡಿದರೆ ಆಟ ಆ ಖಾತೆಗೆ ಸೇರುತ್ತದೆ. ಆಟ ಮಾಡುವವರು ತಮ್ಮದೇ ವೆಬ್‌ಸೈಟ್‌ನಲ್ಲಿ ಮಾರಲು, ವಿಮರ್ಶಕರಿಗೆ ಹಂಚಲು ಸ್ಟೀಮ್‌ನಿಂದ ಕೀಗಳನ್ನು ಪುಕ್ಕಟೆ ಪಡೆಯಬಹುದು. ಸ್ಟೀಮ್ ತನ್ನ ಅಂಗಡಿಯ ಮಾರಾಟದಲ್ಲಿ ಸಾಮಾನ್ಯವಾಗಿ ಹಿಡಿದುಕೊಳ್ಳುವ ಶೇ 30ರ ಪಾಲು ಇವಕ್ಕೆ ಅನ್ವಯಿಸುವುದಿಲ್ಲ. ಸಣ್ಣ ತಂಡಗಳಿಗೆ ಇದು ಒಳ್ಳೆಯ ಅನುಕೂಲ. ಕಳ್ಳರಿಗೂ.

ಕಳ್ಳತನ ನಡೆಯುವುದು ಹೀಗೆ. ಯಾರದೋ ಕ್ರೆಡಿಟ್ ಕಾರ್ಡ್ ವಿವರ ಕದ್ದವನು ಡೆವಲಪರ್‌ನ ಸೈಟ್‌ನಲ್ಲೇ ಒಂದಿಷ್ಟು ಕೀ ಕೊಳ್ಳುತ್ತಾನೆ, ಅವನ್ನು ಮರುಮಾರಾಟದ ತಾಣದಲ್ಲಿ ಅರ್ಧ ಬೆಲೆಗೆ ಬಿಟ್ಟು ನಗದು ಮಾಡಿಕೊಳ್ಳುತ್ತಾನೆ. ವಾರಗಳ ನಂತರ ಕಾರ್ಡಿನ ಒಡೆಯ ಬ್ಯಾಂಕಿಗೆ ದೂರು ಕೊಡುತ್ತಾನೆ. ಬ್ಯಾಂಕ್ ಅವನಿಗೆ ಹಣ ವಾಪಸ್ ಮಾಡಿ, ಅಷ್ಟನ್ನೂ ಮಾರಿದವನ ಖಾತೆಯಿಂದ ಕಿತ್ತುಕೊಳ್ಳುತ್ತದೆ. ಇದೇ ಚಾರ್ಜ್‌ಬ್ಯಾಕ್. ಮೇಲಿಂದ ಪ್ರತಿ ವಹಿವಾಟಿಗೂ ದಂಡದ ಶುಲ್ಕ ಬೇರೆ. ಆಟವೂ ಹೋಯಿತು, ಹಣವೂ ಹೋಯಿತು, ಕೈಯಿಂದ ಇನ್ನಷ್ಟು ಕಟ್ಟುವುದೂ ಆಯಿತು. ಕಾರ್ಡಿನ ಒಡೆಯನಿಗೆ ಬ್ಯಾಂಕಿನ ರಕ್ಷಣೆ ಸಿಗುತ್ತದೆ, ಕೊಂಡವನಿಗೆ ಆಟ ಸಿಗುತ್ತದೆ, ಕಳ್ಳನಿಗೆ ಕಾಸು ಸಿಗುತ್ತದೆ. ಮಧ್ಯೆ ನಿಂತ ಮಾರುಕಟ್ಟೆಗೆ ಕಮಿಷನ್ ಸಿಗುತ್ತದೆ. ಏನೂ ಸಿಗದವನು ಆಟ ಮಾಡಿದವನೊಬ್ಬನೇ.

ಈ ಲೆಕ್ಕ ಬಯಲಿಗೆ ಬಂದದ್ದು ‘ಫ್ಯಾಕ್ಟೋರಿಯೊ’ ಎಂಬ ಆಟದಿಂದ. ಮಾಡಿದವರು ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ತಂಡ. ಈ ಆಟಕ್ಕೆ ರಿಯಾಯಿತಿಯೇ ಇಲ್ಲ, ಎಂದೂ ಕೊಡುವುದಿಲ್ಲ ಎಂಬುದು ಅವರ ಹಟ. ಹಾಗಿರುವಾಗ ಬೇರೆಡೆ ಅದು ಅಗ್ಗಕ್ಕೆ ಸಿಕ್ಕರೆ ಅನುಮಾನ ಹುಟ್ಟಲೇಬೇಕು. ಕದ್ದ ಕೀ ಮಾರಾಟವಾದದ್ದನ್ನು ಸಾಬೀತು ಮಾಡಿದರೆ ಚಾರ್ಜ್‌ಬ್ಯಾಕ್ ನಷ್ಟದ ಹತ್ತು ಪಟ್ಟು ಕೊಡುತ್ತೇವೆ ಎಂದು ಜಿಟುಎ 2019ರಲ್ಲಿ ಸವಾಲು ಹಾಕಿದಾಗ ವೂಬೆ ಮುಂದೆ ಬಂತು. 2016ರ 321 ಕೀಗಳ ಪಟ್ಟಿ ಕೊಟ್ಟಿತು. ಸ್ವತಂತ್ರ ಲೆಕ್ಕಪರಿಶೋಧಕರಿಂದ ತನಿಖೆ ಎಂಬ ಮಾತು ಕೈಗೂಡದೆ, ಕಡೆಗೆ ಜಿಟುಎ ತಾನೇ ಒಳಗೆ ಹುಡುಕಿತು. 2016ರ ಮಾರ್ಚ್‌ನಿಂದ ಜೂನ್‌ವರೆಗೆ 198 ಕೀಗಳು ತನ್ನಲ್ಲೇ ಮಾರಾಟವಾದದ್ದು ಕಂಡಿತು. ಒಂದಕ್ಕೆ 20 ಡಾಲರ್ ಶುಲ್ಕ, ಅದರ ಹತ್ತು ಪಟ್ಟು: ಒಟ್ಟು 39,600 ಡಾಲರ್ ಪಾವತಿಯಾಯಿತು. ಕೊಟ್ಟ ಮಾತು ಉಳಿಸಿಕೊಂಡದ್ದು ಮೆಚ್ಚತಕ್ಕದ್ದೇ. ಆದರೆ ನಾಲ್ಕು ವರ್ಷ ಹಿಂದಿನ ದಾಖಲೆಯನ್ನು ಇಟ್ಟುಕೊಂಡು, ಜಗಳಕ್ಕೆ ನಿಂತು, ಪುರಾವೆ ಒದಗಿಸುವ ತಾಳ್ಮೆ ಎಷ್ಟು ತಂಡಗಳಿಗಿದೆ?

ಟೈನಿಬಿಲ್ಡ್ ಎಂಬ ಪ್ರಕಾಶನ ಸಂಸ್ಥೆಗೆ ಅದು ಸಾಧ್ಯವಾಗಲಿಲ್ಲ. ತನ್ನ ಮೂರು ಆಟಗಳ ಕೀಗಳು ಜಿಟುಎಯಲ್ಲಿ ಸುಮಾರು 2 ಲಕ್ಷ ಡಾಲರ್‌ಗೆ ಮಾರಾಟವಾಗಿವೆ, ಅಂಗಡಿ ಬೆಲೆಯಲ್ಲಿ ಅವು ಸುಮಾರು ನಾಲ್ಕೂವರೆ ಲಕ್ಷ ಡಾಲರ್ ಬಾಳುತ್ತಿದ್ದವು ಎಂದು ಅದು 2016ರಲ್ಲಿ ಆರೋಪಿಸಿತು. ಕದ್ದದ್ದೆಂದು ಅನುಮಾನವಿರುವ ಕೀಗಳ ಪಟ್ಟಿ ಕೊಡಿ ಎಂದಿತು ಜಿಟುಎ. ಹತ್ತಾರು ಕಡೆ ಹಂಚಿದ ಕೀಗಳಲ್ಲಿ ಯಾವುದು ಎಲ್ಲಿಂದ ಸೋರಿತೆಂದು ಬೇರ್ಪಡಿಸುವುದು ಆಗದ ಮಾತು. ದೂರು ಅಲ್ಲಿಗೇ ನಿಂತಿತು. ಒಂದು ಮಾರುಕಟ್ಟೆ ತನ್ನ ಮಳಿಗೆಯಲ್ಲಿ ಕುಳಿತವನ ಸರಕಿನ ಮೂಲ ಕೇಳದೆ, ಕಳೆದುಕೊಂಡವನ ಕೈಗೆ ಪತ್ತೇದಾರಿಕೆ ಕೊಡುವುದು ನ್ಯಾಯವೇನಲ್ಲ.

ಕಾರ್ಡ್ ಕದಿಯುವಷ್ಟು ಧೈರ್ಯವಿಲ್ಲದವರ ದಾರಿ ಇನ್ನೂ ಸಲೀಸು. ಯೂಟ್ಯೂಬರ್ ಎಂದೋ ವಿಮರ್ಶಕ ಎಂದೋ ಹೇಳಿಕೊಂಡು ಡೆವಲಪರ್‌ಗೆ ಒಂದು ಮೇಲ್, ಎರಡು ಕೀ ಬೇಕೆಂಬ ವಿನಂತಿ. ಬಂದ ಕೀ ನೇರ ಮಾರಾಟಕ್ಕೆ. ಈ ಕಾಟ ಎಷ್ಟಾಯಿತೆಂದರೆ, ವಿಮರ್ಶೆಗೆ ಆಟವನ್ನು ಕೀ ಇಲ್ಲದೆಯೇ ಕಳಿಸುವ ವ್ಯವಸ್ಥೆಯನ್ನು ಸ್ಟೀಮ್ 2017ರಲ್ಲಿ ತರಬೇಕಾಯಿತು.

ಇದೆಲ್ಲದರಿಂದ ರೋಸಿಹೋದ ಪ್ರಕಾಶಕ ಮೈಕ್ ರೋಸ್ 2019ರಲ್ಲಿ ವಿಚಿತ್ರ ಬೇಡಿಕೆ ಇಟ್ಟರು. ನಮ್ಮ ಆಟವನ್ನು ಜಿಟುಎಯಲ್ಲಿ ಕೊಳ್ಳುವ ಬದಲು ಟೊರೆಂಟ್‌ನಿಂದ ಇಳಿಸಿಕೊಳ್ಳಿ ಎಂದರು. ಡೆವಲಪರ್ ರಾಮಿ ಇಸ್ಮಾಯಿಲ್ ಅದಕ್ಕೆ ದನಿಗೂಡಿಸಿದರು. ಪೈರಸಿಯಿಂದ ಅವರಿಗೆ ಬರುವುದು ಸೊನ್ನೆ ನಿಜ, ಆದರೆ ಕೈಯಿಂದ ಹೋಗುವುದೂ ಸೊನ್ನೆ. ತಮ್ಮದೇ ಆಟವನ್ನು ಪುಕ್ಕಟೆ ನಕಲು ಮಾಡಿಕೊಳ್ಳಿ ಎಂದು ಅದನ್ನು ಮಾಡಿದವರೇ ಅಂಗಲಾಚುವ ಸ್ಥಿತಿ ಬಂದದ್ದೇ ಈ ವ್ಯಾಪಾರದ ಬಗ್ಗೆ ಸಾಕಷ್ಟು ಹೇಳುತ್ತದೆ.

ಹಾಗೆಂದು ಅಗ್ಗದ ಕೀಗಳೆಲ್ಲ ಕದ್ದವು ಎಂದರೆ ತಪ್ಪಾಗುತ್ತದೆ. ಹಲವು ಆಟಗಳನ್ನು ಒಟ್ಟಿಗೆ ಮಾರುವ ಹಂಬಲ್ ಬಂಡಲ್ ತಾಣದಲ್ಲಿ ಕಟ್ಟಾಗಿ ಕೊಂಡು, ಆಡದೆ ಉಳಿದದ್ದನ್ನು ಮಾರುವವರಿದ್ದಾರೆ. ಬೆಲೆ ಕಡಿಮೆಯಿರುವ ದೇಶದಲ್ಲಿ ಕೊಂಡು ದುಬಾರಿ ದೇಶದಲ್ಲಿ ಮಾರುವ ದಲ್ಲಾಳಿಗಳಿದ್ದಾರೆ. ಈ ಎರಡನೆಯದು ಪಾಪವೆಂದು ಪ್ರಕಾಶಕರು ಹೇಳಿದರೂ ಯುರೋಪಿನ ಕಾನೂನು ಪೂರ್ತಿ ಒಪ್ಪುವುದಿಲ್ಲ. ಜೆಕಿಯಾ, ಪೋಲೆಂಡ್, ಹಂಗೇರಿಯಂಥ ದೇಶಗಳಲ್ಲಿ ಕೊಂಡ ಕೀಗಳು ಐರೋಪ್ಯ ಒಕ್ಕೂಟದ ಬೇರೆ ದೇಶಗಳಲ್ಲಿ ಕೆಲಸ ಮಾಡದಂತೆ ಬೀಗ ಹಾಕಿದ್ದಕ್ಕೆ ಐರೋಪ್ಯ ಆಯೋಗ 2021ರ ಜನವರಿಯಲ್ಲಿ ಸ್ಟೀಮ್‌ನ ಒಡೆಯ ವಾಲ್ವ್ ಹಾಗೂ ಐದು ಪ್ರಕಾಶಕರಿಗೆ ಒಟ್ಟು 78 ಲಕ್ಷ ಯೂರೊ ದಂಡ ಹಾಕಿತು. ವಾಲ್ವ್ ಮೇಲ್ಮನವಿ ಹೋಯಿತು, 2023ರಲ್ಲಿ ಸೋತಿತು.

ಭಾರತದ ಆಟಗಾರರಿಗೆ ಈ ಭಾಗ ಹೆಚ್ಚು ತಾಗುತ್ತದೆ. ಸ್ಟೀಮ್ 2015ರಲ್ಲಿ ರೂಪಾಯಿ ಬೆಲೆ ತಂದ ಮೇಲೆ ಬೆಂಗಳೂರಿನ ಹುಡುಗನಿಗೆ ಬರ್ಲಿನ್ನಿನವನಿಗಿಂತ ಅಗ್ಗಕ್ಕೆ ಎಷ್ಟೋ ಆಟ ಸಿಗುತ್ತಿವೆ. ಅಗ್ಗದ ದೇಶದ ಬೆಲೆಯನ್ನು ಹೊರಗಿನವರು ದೋಚತೊಡಗಿದರೆ ಪ್ರಕಾಶಕರು ಆ ದೇಶದ ಬೆಲೆ ಏರಿಸುತ್ತಾರೆ. ಅರ್ಜೆಂಟೀನಾ ಮತ್ತು ಟರ್ಕಿಯ ಅಗ್ಗದ ಬೆಲೆಗೆ ವಿಪಿಎನ್ ಹಾಕಿಕೊಂಡು ಮುಗಿಬಿದ್ದವರು ಜಗತ್ತಿನೆಲ್ಲೆಡೆ ಇದ್ದರು. 2023ರ ನವೆಂಬರ್‌ನಲ್ಲಿ ಆ ಎರಡೂ ದೇಶಗಳ ಬೆಲೆ ಡಾಲರ್‌ಗೆ ಬದಲಾಯಿತು. ವಿನಿಮಯ ದರದ ಏರಿಳಿತವೇ ಕಾರಣವೆಂದು ವಾಲ್ವ್ ಹೇಳಿತು. ಕಾರಣ ಏನೇ ಇರಲಿ, ಹೊರೆ ಬಿದ್ದದ್ದು ಅಲ್ಲಿನ ಸಾಮಾನ್ಯ ಆಟಗಾರರ ಮೇಲೆ.

ಕೊಳ್ಳುವವನು ‘ನನಗೇನು ಗೊತ್ತು’ ಎನ್ನಬಹುದು. ಸಂತೆಯಲ್ಲಿ ಹೊಸ ಸೈಕಲ್ಲನ್ನು ಐನೂರಕ್ಕೆ ಕೊಡುತ್ತೇನೆ ಎಂದವನನ್ನು ಬಿಲ್ ಎಲ್ಲಿ ಎಂದು ಕೇಳುವುದು ಲೋಕರೂಢಿ. ಕದ್ದ ಮಾಲಿನ ಬಗ್ಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಕೂಡ ಗೊತ್ತಿದ್ದು ಪಡೆದವನ ಜೊತೆಗೆ, ಕದ್ದದ್ದೆಂದು ನಂಬಲು ಕಾರಣವಿದ್ದೂ ಪಡೆದವನನ್ನು ಸೇರಿಸಿಯೇ ಮಾತಾಡುತ್ತದೆ. ಕೀ ವ್ಯಾಪಾರಕ್ಕೆ ಆ ಕಲಂ ಹಚ್ಚಬೇಕೆಂದಲ್ಲ. ಆದರೆ ನೈತಿಕ ಅಳತೆಗೋಲಾಗಿ ಅದು ಸರಿಯಾಗಿದೆ. ಜಿಟುಎ ಈಗ ಖಾಸಗಿ ವ್ಯಕ್ತಿಗಳನ್ನು ಹೊರಗಿಟ್ಟು ವ್ಯಾಪಾರ ನೋಂದಣಿ ಇರುವವರಿಗಷ್ಟೇ ಗೇಮ್ ಕೀ ಮಾರಲು ಬಿಡುತ್ತದೆ. ಅದು ಸುಧಾರಣೆಯೇ. ಆದರೂ ಕೀ ಎಲ್ಲಿಂದ ಬಂತು ಎಂಬುದು ಕೊಳ್ಳುವವನಿಗೆ ಇಂದಿಗೂ ಕಾಣುವುದಿಲ್ಲ.

ಕೊಂಡವನೂ ಸುರಕ್ಷಿತನಲ್ಲ. 2015ರ ಜನವರಿಯಲ್ಲಿ ಯೂಬಿಸಾಫ್ಟ್ ‘ಫಾರ್ ಕ್ರೈ 4’ ಆಟದ ಕೀಗಳನ್ನು ಏಕಾಏಕಿ ರದ್ದು ಮಾಡಿತು. ಅವು ಕದ್ದ ಕಾರ್ಡಿನಿಂದ ಕೊಂಡವು ಎಂಬುದು ಕಾರಣ. ಗಲಾಟೆಯಾದ ಮೇಲೆ, ಆಗಲೇ ಆಡತೊಡಗಿದ್ದವರಿಗೆ ಮರಳಿಸಿತು. ಅಷ್ಟು ಉದಾರತೆ ಎಲ್ಲರಿಂದ ನಿರೀಕ್ಷಿಸಲಾಗದು.

ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನ ದೊಡ್ಡ ಆಟಕ್ಕೆ ವಿದ್ಯಾರ್ಥಿಯೊಬ್ಬ ಅಗ್ಗದ ದಾರಿ ಹುಡುಕಿದರೆ ಅವನನ್ನು ಬೈಯಲು ಮನಸ್ಸಾಗದು. ಆದರೆ ದಾರಿಗಳಿವೆ. ಸ್ಟೀಮ್‌ನ ಬೇಸಿಗೆ, ಚಳಿಗಾಲದ ರಿಯಾಯಿತಿ ಮಾರಾಟಗಳಿವೆ. ಪ್ರಕಾಶಕರಿಂದಲೇ ಕೀ ಪಡೆದು ಮಾರುವ ಗ್ರೀನ್ ಮ್ಯಾನ್ ಗೇಮಿಂಗ್, ಫನಾಟಿಕಲ್‌ನಂಥ ಅಂಗಡಿಗಳಿವೆ. ನಾಲ್ಕೈದು ಜನರ ತಂಡ ಮಾಡಿದ ಆಟವನ್ನಂತೂ ಮೂಲ ತಿಳಿಯದ ಮಾರಾಟಗಾರನಿಂದ ಕೊಳ್ಳಲೇಬಾರದು. ಸ್ವಾರ್ಥದ ಲೆಕ್ಕವೂ ಅದನ್ನೇ ಹೇಳುತ್ತದೆ: ಸ್ಟೀಮ್‌ನಲ್ಲೇ ಕೊಂಡ ಆಟ ಹಿಡಿಸದಿದ್ದರೆ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಬರುತ್ತದೆ, ಹೊರಗೆ ಕೊಂಡ ಕೀಗೆ ಆ ಸೌಲಭ್ಯವಿಲ್ಲ.