ಸಮಾಧಿಕಲ್ಲಿನ ಸೂತ್ರ

ಜರ್ಮನಿಯ ಗೊಟ್ಟಿಂಗೆನ್ ನಗರದ ಸ್ಮಶಾನದಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸಮಾಧಿಕಲ್ಲಿನ ಮೇಲೆ ಒಂದು ಸೂತ್ರ ಕೆತ್ತಲಾಗಿದೆ. ಅವರು ಅದನ್ನು ಕಂಡುಕೊಂಡದ್ದು 1925ರಲ್ಲಿ. ಕಣದ ಸ್ಥಾನವನ್ನು ಸಂವೇಗದಿಂದ ಗುಣಿಸಿದರೆ ಒಂದು ಉತ್ತರ, ಸಂವೇಗವನ್ನು ಸ್ಥಾನದಿಂದ ಗುಣಿಸಿದರೆ ಬೇರೆಯೇ ಉತ್ತರ ಎಂಬುದು ಅದರ ಸಾರ. ಮೂರು ನಾಲ್ಕಲಿ ಹನ್ನೆರಡು, ನಾಲ್ಕು ಮೂರಲಿಯೂ ಹನ್ನೆರಡೇ ಎಂದು ಮಗ್ಗಿ ಕಲಿತ ನಮಗೆ ಇದು ವಿಚಿತ್ರವೇ ಸರಿ!

ಹಾಗಾದರೆ ಕ್ವಾಂಟಂ ಜಗತ್ತಿನಲ್ಲಿ ಸ್ಥಾನ ಹೆಚ್ಚು ಮೂಲಭೂತವೋ, ಸಂವೇಗವೋ? ಎರಡೂ ಸಮಾನ. ಒಂದು ಖಚಿತವಾದಷ್ಟೂ ಇನ್ನೊಂದು ಅನಿಶ್ಚಿತವಾಗುತ್ತದೆಂದು 1927ರಲ್ಲಿ ಹೈಸೆನ್‌ಬರ್ಗ್ ತೋರಿಸಿದರು. ಆ ಅನಿಶ್ಚಿತತೆಯ ಮಿತಿಯನ್ನು ಗೊತ್ತುಪಡಿಸುವುದು ಬಾರ್ನ್ ಸೂತ್ರದಲ್ಲೇ ಇರುವ ಪ್ಲಾಂಕ್ ಸ್ಥಿರಾಂಕ. ಅದು ಅಳೆಯುವ ಪರಿಮಾಣದ ಹೆಸರು ‘ಕ್ರಿಯೆ’: ಸ್ಥಾನ-ಸಂವೇಗಗಳ ಅಥವಾ ಶಕ್ತಿ-ಕಾಲಗಳ ಗುಣಲಬ್ಧ. ಮೂಲಭೂತವೆಂಬ ಪಟ್ಟ ಸಲ್ಲಬೇಕಾದದ್ದು ಇದಕ್ಕೇ.

ಈ ಸ್ಥಿರಾಂಕವನ್ನು ಜೂಲ್-ಸೆಕೆಂಡುಗಳಲ್ಲಿ ಬರೆದರೆ ದಶಮಾಂಶ ಬಿಂದುವಿನ ನಂತರ 33 ಸೊನ್ನೆ, ಆಮೇಲೆ 6626... ಇಷ್ಟು ಪುಟ್ಟದಾದ್ದರಿಂದಲೇ ಚೆಂಡು, ಬಸ್ಸುಗಳಲ್ಲಿ ಅದರ ಸುಳಿವು ಸಿಗದು. ಆದರೂ 2019ರ ಮೇ 20ರಿಂದ ಕಿಲೋಗ್ರಾಮಿನ ವ್ಯಾಖ್ಯೆಗೆ ಅದೇ ಆಧಾರ. ಪ್ಯಾರಿಸ್ ಬಳಿ ಕಾದಿಟ್ಟಿದ್ದ ಲೋಹದ ತೂಕದ ಬಟ್ಟಿಗೆ ನಿವೃತ್ತಿ. ನೀವು ಅಂಗಡಿಯಿಂದ ತರುವ ಒಂದು ಕಿಲೋ ಸಕ್ಕರೆಗೂ ಈಗ ಸಾಕ್ಷಿ, ಆ ಸಮಾಧಿಕಲ್ಲಿನ ಮೇಲಿರುವ ಒಂದಕ್ಷರ!