ಬಾಯಿ ತೆರೆದು ನಿಜ ಹೇಳಿ

ಹರಿಹರದ ಪಕ್ಕದ ಗುತ್ತೂರಿನ ಒಂದು ಮನೆ. ಒಂದೇ ತಿಂಗಳಲ್ಲಿ ಇಬ್ಬರಿಗೆ ಆಪರೇಷನ್. ಎಪ್ಪತ್ತು ದಾಟಿದ ನಾನಿಗೆ ಪಿತ್ತಕೋಶದ ಕಲ್ಲು, ಇಪ್ಪತ್ತೆರಡರ ಮೊಮ್ಮಗನಿಗೆ ಅಪೆಂಡಿಕ್ಸ್. ನಾನಿ ಅರಿವಳಿಕೆ ತಡೆದುಕೊಳ್ಳುತ್ತಾರೋ ಇಲ್ಲವೋ ಎಂದು ಮನೆಯವರೆಲ್ಲ ದುಆ ಮಾಡುತ್ತಿದ್ದರು. ಹುಡುಗನ ಬಗ್ಗೆ ಯಾರಿಗೂ ಚಿಂತೆ ಇರಲಿಲ್ಲ.

ಆದರೆ ದಾವಣಗೆರೆಯ ಆಸ್ಪತ್ರೆಯಲ್ಲಿ ವೈದ್ಯರನ್ನು ಚಿಂತೆಗೆ ಹಚ್ಚಿದ್ದು ಹುಡುಗನೇ. "ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡು" ಎಂದರೆ ಎರಡು ಬೆರಳೂ ಹೋಗಲಿಲ್ಲ. ಅವನು ಕೆಲವು ವರ್ಷಗಳಿಂದ ಗುಟ್ಕಾ ಅಗಿಯುತ್ತಿದ್ದ ಸಂಗತಿ ಪಕ್ಕದಲ್ಲಿ ನಿಂತಿದ್ದ ತಾಯಿಗೆ ತಿಳಿದದ್ದು ಆಗಲೇ.

ಬಾಯಿಗೂ ಹೊಟ್ಟೆಯ ಆಪರೇಷನ್‌ಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಪೂರ್ಣ ಅರಿವಳಿಕೆ ಕೊಟ್ಟಾಗ ಸ್ನಾಯುಗಳು ಸಡಿಲವಾಗುತ್ತವೆ, ನಾಲಿಗೆ ಹಿಂದಕ್ಕೆ ಬೀಳುತ್ತದೆ, ಉಸಿರು ನಿಲ್ಲುತ್ತದೆ. ಆಗ ಅರಿವಳಿಕೆ ತಜ್ಞರು ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಆಮ್ಲಜನಕ ಕೊಡುತ್ತಾರೆ. ನಂತರ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ. ಇದಕ್ಕೆ ಸಿಗುವುದು ಕೆಲವೇ ನಿಮಿಷ.

ವಯಸ್ಸಾದವರಲ್ಲಿ ಈ ಅವಧಿ ಇನ್ನೂ ಕಡಿಮೆ. ಅವರ ಶ್ವಾಸಕೋಶದ ಶಕ್ತಿ ಕುಗ್ಗಿರುತ್ತದೆ. ಕತ್ತು ಬಿಗಿದಿರುವುದರಿಂದ ತಲೆ ಹಿಂದಕ್ಕೆ ಬಾಗುವುದಿಲ್ಲ. ಹಲ್ಲಿಲ್ಲದೆ ಕೆನ್ನೆ ಒಳಗೆ ಹೋಗಿದ್ದರೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ. ಅಲುಗಾಡುವ ಒಂದು ಹಲ್ಲು ಕಿತ್ತು ಗಂಟಲಿಗೆ ಜಾರಿದರೂ ಅಪಾಯವೇ. ಕೆಮ್ಮಿ ಹೊರಹಾಕುವ ಶಕ್ತಿಯೂ ಅವರಲ್ಲಿ ಕಡಿಮೆ.

2000ದಲ್ಲಿ ಪ್ರಕಟವಾದ ಫ್ರಾನ್ಸ್‌ನ ಒಂದು ಅಧ್ಯಯನ ಮಾಸ್ಕ್‌ನಿಂದ ಉಸಿರು ಕೊಡಲು ಕಷ್ಟವಾಗುವ ಐದು ಲಕ್ಷಣಗಳನ್ನು ಗುರುತಿಸಿತು: 55 ದಾಟಿದ ವಯಸ್ಸು, ಹೆಚ್ಚಿದ ತೂಕ, ಹಲ್ಲಿಲ್ಲದಿರುವುದು, ಗೊರಕೆ ಮತ್ತು ಗಡ್ಡ. ಗಡ್ಡವಿದ್ದವರು ಹೆದರಬೇಕಿಲ್ಲ. ಮೊದಲೇ ಗೊತ್ತಿದ್ದರೆ ವೈದ್ಯರಿಗೆ ಬೇರೆ ಉಪಾಯಗಳಿವೆ.

ಯುವಕರ ಹಲ್ಲು, ಕತ್ತು, ಶ್ವಾಸಕೋಶ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಆದರೆ ಅಡಿಕೆ ಈ ಅನುಕೂಲವನ್ನು ಕಸಿದುಕೊಳ್ಳುತ್ತದೆ. ಸದಾ ಅಗಿಯುವವರ ಕೆನ್ನೆಯ ಒಳಪದರ ನಾರಿನಂತೆ ಗಟ್ಟಿಯಾಗುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿಯೇ ತೆರೆಯುವುದಿಲ್ಲ. ಅಗಿಯುವುದನ್ನು ಬಿಟ್ಟರೂ ಗಟ್ಟಿಯಾದದ್ದು ಪೂರ್ತಿ ಮೊದಲಿನಂತಾಗುವುದಿಲ್ಲ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಕರ್ನಾಟಕ ಸರಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆದರೂ ಅಡಿಕೆಯ ಪೊಟ್ಟಣ, ತಂಬಾಕಿನ ಪೊಟ್ಟಣ ಬೇರೆ ಬೇರೆಯಾಗಿ ಹುಡುಗರ ಕೈಗೆ ಸಿಗುತ್ತಲೇ ಇವೆ.

ಹುಡುಗ ಎಚ್ಚರವಿದ್ದಾಗಲೇ ವೈದ್ಯರು ಗಂಟಲು ಮರಗಟ್ಟಿಸಿ, ತುದಿಯಲ್ಲಿ ಬೆಳಕಿರುವ ಸಪೂರ ದೂರ್ಬೀನಿನ ನೆರವಿನಿಂದ ಮೂಗಿನ ಮೂಲಕ ಕೊಳವೆ ಇಳಿಸಿದರು. ಆಮೇಲೆ ಅರಿವಳಿಕೆ ಕೊಟ್ಟರು. ಅಲ್‌ಹಮ್ದುಲಿಲ್ಲಾಹ್, ಎಲ್ಲವೂ ಸುಸೂತ್ರವಾಯಿತು. ನಾನಿಯದೂ ಅಷ್ಟೆ. ಅಳಿಯಂದಿರ ಮುಂದೆ ನಾಚಿಕೆಯೆಂದು ಅವರು ಹಲ್ಲಿನ ಸೆಟ್ ತೆಗೆದಿರಲಿಲ್ಲ. ಮಗಳು ಗುಟ್ಟಾಗಿ ನರ್ಸ್‌ಗೆ ಹೇಳಿದ್ದು ಒಳ್ಳೆಯದಾಯಿತು.

ಸೋದರಿಯರೇ, ಆಪರೇಷನ್‌ಗೆ ಮುಂಚೆ ಅರಿವಳಿಕೆ ತಜ್ಞರು ಕೇಳುವ ಪ್ರಶ್ನೆಗಳಿಗೆ ಏನನ್ನೂ ಮುಚ್ಚಿಡಬೇಡಿ. ಕಟ್ಟಿಸಿದ ಹಲ್ಲು, ಅಲುಗಾಡುವ ಹಲ್ಲು, ಗೊರಕೆ, ದಮ್ಮು, ಬೀಡಿ, ಎಲೆಯಡಿಕೆ, ಹಿಂದಿನ ಆಪರೇಷನ್‌ನಲ್ಲಾದ ತೊಂದರೆ ಎಲ್ಲವನ್ನೂ ಹೇಳಿ. ಮೂಗುತಿ ತೆಗೆದಿಡಿ.

ಖಾಲಿ ಹೊಟ್ಟೆಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಹಗುರ ತಿಂಡಿಯಾಗಿ ಕನಿಷ್ಠ 6 ಗಂಟೆ, ಎಣ್ಣೆ-ಮಾಂಸದ ಊಟವಾಗಿ 8 ಗಂಟೆ ಕಳೆದಿರಬೇಕು. ಬರೀ ನೀರನ್ನು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ಕುಡಿಯಬಹುದು. ಆದರೂ ವೈದ್ಯರು ಹೇಳಿದ್ದೇ ಕೊನೆಯ ಮಾತು. ನಿತ್ರಾಣವಾದೀತೆಂದು ಕದ್ದು ಕುಡಿಸುವ ಹಾಲು ಹಾಕಿದ ಚಹಾ ಕೂಡ ಆಹಾರವೇ. ಅದು ಹೊಟ್ಟೆಯಿಂದ ಮೇಲೆ ಬಂದು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ರಮಝಾನ್‌ನಲ್ಲಿ ಸಹರಿ ಉಂಡು ಬೆಳಗ್ಗೆ ಆಪರೇಷನ್‌ಗೆ ಹೋದರೆ ಹೊಟ್ಟೆ ಖಾಲಿಯಾಗಿರುವುದಿಲ್ಲ. ರೋಗಿಗೆ ಉಪವಾಸವನ್ನು ನಂತರ ಪೂರೈಸುವ ರಿಯಾಯಿತಿಯನ್ನು ಅಲ್ಲಾಹನೇ ಕೊಟ್ಟಿದ್ದಾನೆ.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಮಕ್ಕಳಿಗೆಲ್ಲ ಮೂರು ಬೆರಳು ಬಾಯೊಳಗಿಡಲು ಹೇಳಿ. ಯಾರದಾದರೂ ಹೋಗದಿದ್ದರೆ ಬಯ್ಯಬೇಡಿ, ಹೊಡೆಯಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಮರುದಿನವೇ ದಂತವೈದ್ಯರ ಬಳಿ ಕರೆದೊಯ್ಯಿರಿ. ಆ ತಾಯಿಗೆ ಆಸ್ಪತ್ರೆಯಲ್ಲಿ ತಿಳಿದದ್ದು ನಿಮಗೆ ಮನೆಯಲ್ಲೇ ತಿಳಿಯಲಿ.