ಕೊಡಂಬಲ ಯಾವ ಗೆರೆಯ ಮೇಲಿದೆ?

ಕಳೆದ ಸೆಮಿಸ್ಟರ್ ರಜೆಗೆ ಮುಂಚೆ ನಾವು ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಕೂತು ಬೀದರ್–ಕಲಬುರಗಿ ರೈಲುಮಾರ್ಗದ ನಕ್ಷೆಯನ್ನು ಕನ್ನಡದಲ್ಲಿ ಮಾಡಲು ಹೊರಟೆವು. ವಿಕಿಪೀಡಿಯದ ರೈಲು ಲೇಖನಗಳ ಪಕ್ಕದಲ್ಲಿ ಉದ್ದಕ್ಕೊಂದು ಕೆಂಪು ಗೆರೆ, ಅದರ ಮೇಲೆ ಚುಕ್ಕೆ, ಚುಕ್ಕೆಯ ಪಕ್ಕ ನಿಲ್ದಾಣದ ಹೆಸರು ಇರುತ್ತಲ್ಲ, ಅದು. ನೋಡಿದವರು ಅದನ್ನು ಒಂದು ಚಿತ್ರ ಅಂದ್ಕೋತಾರೆ. ನಾವೂ ಹಾಗೇ ಅಂದ್ಕೊಂಡಿದ್ವಿ.

ಅದು ಚಿತ್ರವಲ್ಲ, ಟೆಂಪ್ಲೇಟು. ಒಂದೊಂದು ಸಾಲಿಗೂ ಒಂದು ಸಂಕೇತ, ಒಂದು ಹೆಸರು ಬರೆದರೆ ಸಾಕು. ಚಿಕ್ಕ ಚಿಕ್ಕ ಎಸ್‌ವಿಜಿ ತುಂಡುಗಳು ಒಂದರ ಕೆಳಗೊಂದು ಕೂತು ಹಳಿ ಆಗುತ್ತವೆ. ಸಂಕೇತಗಳು ಹೆಚ್ಚಾಗಿ ಜರ್ಮನ್ ಮೂಲದವು. ಬರೀ ಹಳಿಗೆ ಎಸ್‌ಟಿಆರ್, ನಿಲ್ದಾಣಕ್ಕೆ ಬಿಎಚ್‌ಎಫ್ (ಜರ್ಮನ್ನಿನ ಬಾನ್‌ಹೋಫ್), ಹಳಿ ಕವಲೊಡೆಯುವಲ್ಲಿ ಎಬಿಜೆಡ್. ಹುಮನಾಬಾದಿನ ಹಳಿ ಎಳೆಯಲು ಜರ್ಮನ್ ಕಲೀಬೇಕಾ ಅಂತ ನಕ್ಕಿದ್ದೂ ಆಯ್ತು. ಲಂಡನ್ ಸುರಂಗ ರೈಲಿನ ಪ್ರಸಿದ್ಧ ನಕ್ಷೆಯನ್ನು 1931ರಲ್ಲಿ ಬರೆದ ಹ್ಯಾರಿ ಬೆಕ್ ನಮ್ಮವನೇ, ಎಂಜಿನಿಯರಿಂಗ್ ಡ್ರಾಫ್ಟ್ಸ್‌ಮನ್. ದೂರ, ದಿಕ್ಕು ಬಿಟ್ಟು ಯಾವುದರ ಆಮೇಲೆ ಯಾವುದು ಅನ್ನೋದನ್ನಷ್ಟೇ ತೋರಿಸುವ ಆ ಜಾಣತನವೇ ಇಲ್ಲೂ ಇರುವುದು.

ಇಷ್ಟು ಕಷ್ಟ ಯಾಕೆ, ಇಂಗ್ಲಿಷ್ ನಕ್ಷೆಯ ಸ್ಕ್ರೀನ್‌ಶಾಟ್ ಹಾಕಿದರಾಯ್ತು ಅನ್ನುವವರಿದ್ದಾರೆ. ಅದನ್ನು ನಾವು ಒಪ್ಪುವುದಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿರುವ ಹೆಸರನ್ನು ಹುಡುಕಲಾಗದು, ತಿದ್ದಲಾಗದು. ಹೊಸ ನಿಲ್ದಾಣ ಬಂದರೆ ಟೆಂಪ್ಲೇಟಿಗೆ ಒಂದು ಸಾಲು ಸೇರಿಸಿದರೆ ಮುಗೀತು. ಆದರೆ ತೊಡಕೂ ಇದೆ: ಗೆರೆ, ಚುಕ್ಕೆಯ ಚಿತ್ರಗಳು ಕಾಮನ್ಸ್‌ನಲ್ಲಿದ್ದು ಎಲ್ಲ ಭಾಷೆಗೂ ಸಿಗುತ್ತವೆ, ಟೆಂಪ್ಲೇಟು ಮಾತ್ರ ಪ್ರತಿ ಭಾಷೆಯ ವಿಕಿಪೀಡಿಯಕ್ಕೂ ಬೇರೆಬೇರೆ. ಅಲ್ಲಿಂದ ತರಬೇಕು, ಅದು ನೆಚ್ಚಿಕೊಂಡ ಲುವಾ ಮಾಡ್ಯೂಲನ್ನೂ ತರಬೇಕು, ಅಲ್ಲಿ ಬದಲಾದಾಗ ಇಲ್ಲೂ ಬದಲಿಸಬೇಕು. ಒಂದು ಬಿಟ್ಟುಹೋದರೂ ಪುಟದಲ್ಲಿ ಕೆಂಪಕ್ಷರದ ದೋಷ. ಸಾಹಿತ್ಯ ಓದಿದವರು ಲೇಖನ ಬರೀತಾರೆ, ಆದರೆ ಈ ರಿಪೇರಿ ಕೆಲಸ ಯಾರದು? ಮಿನಿ ಪ್ರಾಜೆಕ್ಟ್‌ಗೆ ವಿಷಯ ಸಿಗ್ತಿಲ್ಲ ಅಂತ ಕ್ಯಾಂಟೀನಿನಲ್ಲಿ ಕೂರುವ ನಮ್ಮದೇ ಅಲ್ವಾ?

ಇನ್ನು ನಮ್ಮ ನಕ್ಷೆಯ ಕಥೆ. ಮೊದಲ ಸಲ ಬೀದರದಿಂದ ನೆಟ್ಟಗೆ ಹುಮನಾಬಾದಿಗೆ ಗೆರೆ ಎಳೆದುಬಿಟ್ಟೆವು. ನೋಡೋಕೆ ಎಷ್ಟು ಚಂದ! ಟೆಂಪ್ಲೇಟು ಒಂದು ಮಾತೂ ಆಡಲಿಲ್ಲ. ಆದರೆ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಈ ಮಾರ್ಗ ಪರಳಿ ಕಡೆಯ ಹಳೆಯ ಹಳಿಯಿಂದ ಖಾನಾಪುರದಲ್ಲಿ ಕವಲೊಡೆಯುತ್ತದೆ. ಆ ಕವಲನ್ನೇ ನಾವು ನುಂಗಿದ್ದೆವು. ಕಂಪೈಲ್ ಆದ ಮಾತ್ರಕ್ಕೆ ಪ್ರೋಗ್ರಾಮ್ ಸರಿ ಅಂತಲ್ಲ ಅನ್ನೋದು ಲ್ಯಾಬಿನಲ್ಲಿ ಗೊತ್ತಿರುತ್ತೆ, ವಿಶ್ವಕೋಶದ ಮುಂದೆ ಕೂತಾಗ ಮರೆತುಹೋಗುತ್ತೆ. ಅಂದವಾದ ತಪ್ಪನ್ನು ಯಾರೂ ಅನುಮಾನಿಸುವುದಿಲ್ಲ, ನಮಗೆ ಭಯವಾಗಿದ್ದು ಅದಕ್ಕೇ.

ತಪ್ಪು ಹಿಡಿದವನು ಕೊಡಂಬಲದ ನಮ್ಮ ಗೆಳೆಯ. ಹಿಡಿದ ಮೇಲೆ ಇನ್ನೊಂದು ಕೇಳಿದ: "ಎಲ್ಲಾ ಖರೇ, ನಮ್ಮೂರು ಎಲ್ಲಿ ಅದ ಇದ್ರಾಗ?" ಇಲ್ಲ. ಅವನು ರೈಲು ಹತ್ತೋದು ಹುಮನಾಬಾದಿನಲ್ಲಿ. ನಿಲ್ದಾಣವಿಲ್ಲದ ಊರು ಈ ನಕ್ಷೆಗೆ ಕಾಣುವುದೇ ಇಲ್ಲ. ಹಾಗಿದ್ದರೆ ಇರುವ ಹೆಸರುಗಳಾದರೂ ನೆಟ್ಟಗಿರಲಿ ಅಂತ ಅವನ ಹಟ. ಇಂಗ್ಲಿಷಿನಿಂದ ಇಳಿಸಿದರೆ ಕೊಡಂಬಲ 'ಕೋಡಂಬಾಲ್' ಆಗಿಬಿಡಬಹುದು, ಹುಮನಾಬಾದ್ 'ಹಮ್ನಾಬಾದ್' ಆಗಬಹುದು. ನಿಲ್ದಾಣದ ಹಳದಿ ಬೋರ್ಡಿನ ಮೇಲೆ ಕನ್ನಡದಲ್ಲಿ ಹೇಗಿದೆಯೋ, ಊರಿನವರು ಹೇಗೆ ಅಂತಾರೋ, ಎರಡನ್ನೂ ನೋಡಿಯೇ ಬರೆಯುವುದು ಅಂತ ತೀರ್ಮಾನಿಸಿದ್ದೇವೆ.

ಆ ಕವಲನ್ನು ಈಗ ಸೇರಿಸಿದ್ದೇವೆ. ಹುಮನಾಬಾದಿನ ಬೋರ್ಡಿನ ಫೋಟೊ ಅವನು ಕಳಿಸಿದ್ದಾನೆ. ಹಳ್ಳಿಖೇಡ ಮತ್ತು ಕಮಲಾಪುರದ್ದು ಬರಬೇಕು. ಆ ಕಡೆ ಊರಿಗೆ ಹೋಗುವವರಿದ್ದರೆ ರೈಲು ನಿಂತ ಎರಡು ನಿಮಿಷದಲ್ಲಿ ಒಂದು ಫೋಟೊ ತೆಗೆದು ತನ್ನಿ.